ಚಿಕಿತ್ಸೆಯ ನಾಲ್ಕನೆಯ ಪಾದ

ವೈದ್ಯನ ಮುಂದೆ ರೋಗಿಯು ಎಷ್ಟು ಮಾತಾಡಬೇಕು, ತನ್ನ ದೇಹದ ವಿಷಯದಲ್ಲಿ ತನಗೆ ತೋರಿದ್ದನ್ನು ಎಷ್ಟರ ಮಟ್ಟಿಗೆ ನಂಬಬೇಕು, ವೈದ್ಯನ ನಿರ್ಣಯವು ಮನಸ್ಸಿಗೆ ಸರಿಬೀಳದಿದ್ದಾಗ ಮರಳಿ ಕೇಳಬಹುದೋ ಹೇಗೆ, ಎಂಬ ಪ್ರಶ್ನೆಗಳು ಪ್ರತಿಯೊಂದು ಮನೆಯಲ್ಲಿ ಒಂದಿಲ್ಲೊಂದು ದಿನ ಏಳುವವು. “ಅವರು ಕಲಿತವರು, ಅವರೆದುರು ನಾವೇನು ಹೇಳುವದು?” ಎಂದು ಸುಮ್ಮನಾಗುವದೇ ನಮ್ಮಲ್ಲಿ ಸಭ್ಯತೆಯೆಂದು ಎಣಿಸಲ್ಪಟ್ಟಿದೆ. ಈ ಮೌನವು ನಮ್ಮ ಪ್ರಾಚೀನರಿಂದಲೇ ಬಂದ ಮರ್ಯಾದೆಯೆಂದು ತಿಳಿದವರೂ ಉಂಟು. ಶಾಸ್ತ್ರಗ್ರಂಥಗಳನ್ನು ತೆರೆದು ನೋಡಿದರೆ ಮಾತ್ರ ಸಂಗತಿಯು ಬೇರೆಯಾಗಿ ಕಾಣುವದು. ರೋಗಿಯು ಹೇಳುವ ಅಧಿಕಾರವು ನಮ್ಮಲ್ಲಿ ಬಹು ಹಳೆಯದು. ರೋಗಿಯು ಒಪ್ಪುವ ಅಥವಾ ಒಪ್ಪದಿರುವ ಅಧಿಕಾರವು ಮಾತ್ರ ತೀರ ಈಚಿನದು. ಇವೆರಡರ ನಡುವಿನ ದೀರ್ಘ ಕಾಲದಲ್ಲಿ ನಡೆದ ಕೆಲವು ಸಂಗತಿಗಳು ನಮ್ಮ ರಾಯಬಾಗ ಸೀಮೆಗೂ ಸಂಬಂಧಪಟ್ಟವುಗಳಾದುದರಿಂದ ಅವುಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವ ಉದ್ದೇಶವಿದೆ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯನು, ಔಷಧದ್ರವ್ಯವು, ಉಪಚಾರ ಮಾಡುವವನು, ರೋಗಿಯು. ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ವೈದ್ಯನಿಗೆ ಶಾಸ್ತ್ರದಲ್ಲಿ ಪಾರಂಗತತೆ, ಬಹಳವಾಗಿ ಕಂಡ ಅನುಭವ, ಕೈಯ ದಕ್ಷತೆ, ಶುಚಿತ್ವಗಳು ಬೇಕು. ರೋಗಿಗೆ ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವಗಳು ಬೇಕು. ಅಂದರೆ ನೆನಪು, ಹೇಳಿದಂತೆ ನಡೆಯುವಿಕೆ, ಅಂಜದಿರುವಿಕೆ ಮತ್ತು ತನ್ನ ರೋಗವನ್ನು ತಿಳಿಯಪಡಿಸುವ ಸಾಮರ್ಥ್ಯ. ನಾಲ್ಕರಲ್ಲಿ ಒಂದು ಮಾತ್ರ ವಿಧೇಯತೆಯಾಗಿದೆ. ಉಳಿದ ಮೂರೂ ರೋಗಿಯು ನೆನೆದು, ಧೈರ್ಯಗೊಂಡು, ಬಾಯಿಬಿಟ್ಟು ಹೇಳಬೇಕೆಂಬುದನ್ನೇ ಸೂಚಿಸುವವು. ನಾವು ಆ ಒಂದನ್ನು ಉಳಿಸಿಕೊಂಡು ಮಿಕ್ಕ ಮೂರನ್ನು ಮರೆತಿರುವೆವು.

ಇದು ಬರಿಯ ಶಿಷ್ಟಾಚಾರದ ಮಾತಲ್ಲ. ರೋಗವನ್ನು ಅರಿಯುವ ಉಪಾಯಗಳು ಆರು ಎಂದು ಸುಶ್ರುತನ ಮತ. ಐದು ವೈದ್ಯನ ಪಂಚೇಂದ್ರಿಯಗಳು, ಆರನೆಯದು ಪ್ರಶ್ನೆ. ವಾಗ್ಭಟನು ಪರೀಕ್ಷೆಯನ್ನು ನೋಡುವದು, ಮುಟ್ಟುವದು, ಕೇಳುವದು ಎಂದು ಮೂರಾಗಿ ಸಂಕ್ಷೇಪಿಸಿದನು; ಆಗಲೂ ಪ್ರಶ್ನೆಯನ್ನು ಬಿಡಲಿಲ್ಲ. ರೋಗಿಯ ಬಾಯಿಯ ರುಚಿಯು ಹೇಗಿದೆಯೆಂಬುದನ್ನು ಕೇಳಿಯೇ ತಿಳಿಯತಕ್ಕದ್ದೆಂದು ಚರಕನು ವಿಮಾನಸ್ಥಾನದಲ್ಲಿ ಹೇಳಿರುವನು. ಯಾಕಂದರೆ ವೈದ್ಯನು ಎಷ್ಟೇ ಸಮರ್ಥನಾದರೂ ಮತ್ತೊಬ್ಬರ ನಾಲಿಗೆಯಿಂದ ರುಚಿ ನೋಡಲಾರನು. ನೋವೂ ಹಾಗೆಯೇ. ಇಂದಿನ ಯಂತ್ರಗಳು ಎಲುಬಿನ ಚಿತ್ರವನ್ನು ತೆಗೆಯುವವು, ರಕ್ತದ ಅಂಶಗಳನ್ನು ಎಣಿಸುವವು; ಆದರೆ ನೋವು ಯಾವ ಹೊತ್ತಿಗೆ ಬಂದಿತು, ಏನು ಮಾಡಿದಾಗ ಹೆಚ್ಚಿತು, ನಿನ್ನೆಗೂ ಇಂದಿಗೂ ಏನು ಭೇದವಾಯಿತು ಎಂಬ ವೃತ್ತಾಂತವು ರೋಗಿಯ ಹತ್ತಿರ ಮಾತ್ರ ಇರುವದು. “ನನ್ನ ದೇಹದಲ್ಲಿ ಏನೋ ನೆಟ್ಟಗಿಲ್ಲ” ಎಂದು ಒಳಗಿನಿಂದ ಏಳುವ ಅರಿವು ರೋಗನಿರ್ಣಯವಲ್ಲ, ನಿಜ. ಅದು ಸಾಕ್ಷಿ. ಸಾಕ್ಷಿಯನ್ನು ಕೇಳದೆ ತೀರ್ಪು ಕೊಡುವ ನ್ಯಾಯಾಧೀಶನನ್ನು ನಾವು ಒಪ್ಪುವದಿಲ್ಲ.

ಇಷ್ಟಾದರೂ ಪ್ರಾಚೀನರಲ್ಲಿ ಒಂದು ಕೊರತೆಯಿತ್ತೆಂಬುದನ್ನು ಮುಚ್ಚಿಡಲಾಗದು. ಚಿಕಿತ್ಸಾಸ್ಥಾನದ ಉದರರೋಗದ ಪ್ರಕರಣದಲ್ಲಿ, ಉಳಿದ ಉಪಾಯಗಳೆಲ್ಲ ಮುಗಿದ ಮೇಲೆ ವಿಷಪ್ರಯೋಗದಂಥ ಅಪಾಯದ ಚಿಕಿತ್ಸೆಯನ್ನು ಹೇಳುವಾಗ ಚರಕನು ಒಂದು ಕಟ್ಟಳೆಯನ್ನು ವಿಧಿಸಿದನು: ವೈದ್ಯನು ಸಂಶಯವನ್ನು ಬಾಯಿಬಿಟ್ಟು ಹೇಳಿ, ಮಾಡದಿದ್ದರೆ ಮರಣವು ನಿಶ್ಚಿತ, ಮಾಡಿದರೆ ಫಲವು ಸಂದಿಗ್ಧ ಎಂದು ತಿಳಿಸಿ, ಅನುಮತಿಯನ್ನು ಪಡೆದೇ ಮುಂದುವರಿಯಬೇಕು. ಎಷ್ಟು ಉದಾತ್ತವಾದ ನಿಯಮ! ಆದರೆ ಯಾರ ಅನುಮತಿ? ಜ್ಞಾತಿಗಳು, ಸ್ನೇಹಿತರು, ಹೆಂಡತಿ, ಬ್ರಾಹ್ಮಣರು, ಅರಸು, ಗುರುಗಳು ಎಂದು ಪಟ್ಟಿಯಿದೆ. ಆ ಪಟ್ಟಿಯಲ್ಲಿ ರೋಗಿಯ ಹೆಸರಿಲ್ಲ. ವಿಷವನ್ನು ಕುಡಿಯತಕ್ಕವನನ್ನುಳಿದು ಎಲ್ಲರನ್ನೂ ಕೇಳಲಾಯಿತು. ಅಂದಿನ ಕುಟುಂಬವ್ಯವಸ್ಥೆಯಲ್ಲಿ ಇದು ಸಹಜವಾಗಿದ್ದಿರಬಹುದು. ಆದರೂ ಈ ಕೊರತೆಯು ತುಂಬಿಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಇನ್ನು ನಮ್ಮ ಸೀಮೆಯ ಕಡೆಗೆ ಬರುವಾ. ರಾಯಬಾಗವು ಈಗ ಬೆಳಗಾವಿ ಜಿಲ್ಲೆಯ ತಾಲೂಕಾಗಿದ್ದರೂ ಮೊದಲು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನವು ೧೯೪೯ನೆಯ ಇಸವಿಯ ಮಾರ್ಚ ೧ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಲ್ಲಿಯವರೆಗೆ ಇಲ್ಲಿಯವರ ರಾಜಧಾನಿಯು ಕೊಲ್ಲಾಪುರ. ರಾಜಧಾನಿಯ ದವಾಖಾನೆಯು ಆಲ್ಬರ್ಟ ಎಡ್ವರ್ಡ ಆಸ್ಪತ್ರೆ. ಆ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ಮುಖ್ಯ ವೈದ್ಯೆಯೆಂದು ನಿಯಮಿಸಲ್ಪಟ್ಟವರು ಡಾಕ್ಟರ ಆನಂದೀಬಾಯಿ ಜೋಶಿಯವರು.

ಆನಂದೀಬಾಯಿಯವರು ೧೮೬೫ರಲ್ಲಿ ಹುಟ್ಟಿದರು. ಒಂಬತ್ತನೆಯ ವಯಸ್ಸಿನಲ್ಲಿ ಅಂಚೆಖಾತೆಯ ನೌಕರರಾದ ಗೋಪಾಲರಾವ ಜೋಶಿಯವರೊಡನೆ ಅವರ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಗಂಡುಕೂಸು ಹುಟ್ಟಿ, ತಕ್ಕ ವೈದ್ಯೋಪಚಾರವು ದೊರೆಯದೆ ಹತ್ತೇ ದಿವಸಗಳಲ್ಲಿ ತೀರಿಕೊಂಡಿತು. ಈ ದುಃಖವು ಅವರನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತು. ಪರದೇಶಕ್ಕೆ ಹೋಗುವದು ಯಾಕೆಂದು ಜನರು ಆಕ್ಷೇಪಿಸಲಾಗಿ, ೧೮೮೩ರಲ್ಲಿ ಬಂಗಾಲದ ಶ್ರೀರಾಮಪುರದ ಸಭೆಯಲ್ಲಿ ನಿಂತು ಅವರು ಕಾರಣವನ್ನು ಬಹಿರಂಗವಾಗಿ ಹೇಳಿದರು. ಹಿಂದುಸ್ಥಾನಕ್ಕೆ ಸ್ತ್ರೀವೈದ್ಯರು ಬೇಕಾಗಿರುವರು, ಆ ಕೆಲಸಕ್ಕೆ ತಾನು ಸಿದ್ಧಳಿರುವೆನು ಎಂಬುದೇ ಅದರ ಸಾರ. ಕಾಲೇಜಿನ ಪ್ರವೇಶಕ್ಕಾಗಿ ಬರೆದ ಪತ್ರದಲ್ಲಿಯೂ, ತನ್ನ ದೇಶದ ಸ್ತ್ರೀಯರು ಪುರುಷವೈದ್ಯರ ಉಪಚಾರವನ್ನು ಸ್ವೀಕರಿಸುವದಕ್ಕಿಂತ ಮರಣವನ್ನೇ ಲೇಸೆನ್ನುವರು ಎಂಬ ಅರ್ಥದ ಮಾತನ್ನು ಬರೆದರು.

ಈ ಮಾತನ್ನು ಚರಕನ ಮಾತಿನೊಡನೆ ಇಟ್ಟು ನೋಡಬೇಕು. ಔಷಧವಿದ್ದಿತು, ವೈದ್ಯನೂ ಇದ್ದನು. ಆದರೆ ಸಂಕೋಚದಿಂದ ಸ್ತ್ರೀಯ ಬಾಯಿ ಕಟ್ಟಿದ್ದರಿಂದ ನಾಲ್ಕನೆಯ ಪಾದವು ಮುರಿದುಹೋಗಿದ್ದಿತು. ಇದನ್ನು ಕಂಡುಕೊಂಡವರು ಹದಿನೆಂಟು ವರುಷದ ಒಬ್ಬ ಹೆಣ್ಣುಮಗಳು. ಆನಂದೀಬಾಯಿಯವರು ಅಮೇರಿಕೆಯ ಪೆನ್ಸಿಲ್ವೇನಿಯಾದ ಸ್ತ್ರೀಯರ ವೈದ್ಯಕೀಯ ಕಾಲೇಜಿನಲ್ಲಿ ಅಭ್ಯಾಸ ಮಾಡಿ ೧೮೮೬ರ ಮಾರ್ಚದಲ್ಲಿ ಪದವಿಯನ್ನು ಪಡೆದರು. ಪದವಿಗಾಗಿ ಅವರು ಬರೆದ ಪ್ರಬಂಧವು ಆರ್ಯ ಹಿಂದೂಗಳಲ್ಲಿಯ ಪ್ರಸೂತಿಶಾಸ್ತ್ರವನ್ನು ಕುರಿತದ್ದು. ಅದೇ ವರ್ಷ ಕೊಲ್ಲಾಪುರದ ಹುದ್ದೆಯೂ ದೊರೆಯಿತು. ಆದರೆ ಕ್ಷಯರೋಗವು ಆಗಲೇ ಅವರನ್ನು ಹಿಡಿದಿದ್ದಿತು. ಹುದ್ದೆಯನ್ನು ವಹಿಸಿಕೊಳ್ಳುವ ಮೊದಲೇ ೧೮೮೭ರ ಫೆಬ್ರುವರಿ ೨೬ರಂದು ಪುಣೆಯಲ್ಲಿ, ಇಪ್ಪತ್ತೆರಡು ತುಂಬುವದರೊಳಗೆ ಅವರು ನಿಧನ ಹೊಂದಿದರು. ಆ ವಿಭಾಗವನ್ನು ಅವರು ನಡೆಯಿಸಿದ್ದರೆ, ಸಂಸ್ಥಾನದ ಹೆಣ್ಣುಮಕ್ಕಳಿಗೆ, ರಾಯಬಾಗದ ಹೆಣ್ಣುಮಕ್ಕಳಿಗೆ ಕೂಡ, ತಮ್ಮ ಬೇನೆಯನ್ನು ತಮ್ಮಂಥವರೊಬ್ಬರ ಮುಂದೆ ಹೇಳಿಕೊಳ್ಳುವ ಅನುಕೂಲವು ಆಗಲೇ ದೊರೆಯುತ್ತಿತ್ತು.

ಹತ್ತು ವರುಷಗಳಲ್ಲಿ ಇದಕ್ಕೆ ತೀರ ವಿಪರೀತವಾದ ಇನ್ನೊಂದು ಪಾಠವು ಬಂದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದೆ ಪುಣೆಯನ್ನೂ ನಮ್ಮ ಬೆಳಗಾವಿ ಜಿಲ್ಲೆಯನ್ನೂ ಹೊಕ್ಕಿತು. ೧೮೯೭ರಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಮಾಡಿತು. ಪುಣೆಯಲ್ಲಿ ಸಿಪಾಯಿಗಳು ಮನೆ ಹೊಕ್ಕು ಶೋಧಿಸಿದರು. ರೋಗಿಗಳನ್ನೂ ಸಂಶಯಿತರನ್ನೂ ಬಲಾತ್ಕಾರದಿಂದ ಒಯ್ದರು. ಅಧಿಕಾರಿಗಳ ಉದ್ದೇಶವು ರೋಗವನ್ನು ತಡೆಯುವದೇ ಆಗಿದ್ದಿತು. ಆದರೆ ಜನರನ್ನು ಯಾರೂ ಕೇಳಲಿಲ್ಲ, ಜನರಿಗೆ ಯಾರೂ ತಿಳಿಯಹೇಳಲಿಲ್ಲ. ಇದರ ಪರಿಣಾಮವಾಗಿ ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ಆ ವರ್ಷದ ಜೂನ ೨೨ರ ರಾತ್ರಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿದ ಸಂಗತಿಯು ಪ್ರಸಿದ್ಧವಿದೆ. ಸಂಕೋಚದಂತೆಯೇ ಭಯವೂ ರೋಗಿಯ ಬಾಯನ್ನು ಕಟ್ಟುವದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಿಲ್ಲ. ಅಭೀರುತ್ವವನ್ನು ರೋಗಿಯ ಗುಣಗಳಲ್ಲಿ ಯಾಕೆ ಎಣಿಸಿರುವರೆಂಬುದೂ ಇಲ್ಲಿ ವಿಶದವಾಗುವದು.

ಸ್ವಾತಂತ್ರ್ಯಾನಂತರ ಈ ವಿಷಯವು ನ್ಯಾಯಾಲಯಗಳ ಮುಂದೆ ಬಂದಿತು. ಹಣ ಪಡೆದು ಮಾಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣೆಯ ಕಾಯದೆಗೆ ಒಳಪಟ್ಟದ್ದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ನಿರ್ಣಯಿಸಿತು. ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಗಳು, ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾದಿಡಬೇಕೆಂದೂ, ರೋಗಿಯು ಕೇಳಿದಲ್ಲಿ ೭೨ ಗಂಟೆಗಳೊಳಗಾಗಿ ಕೊಡಬೇಕೆಂದೂ ವಿಧಿಸಿದವು. ಇವೆಲ್ಲಕ್ಕಿಂತ ಮಹತ್ವದ್ದು ೨೦೦೮ರ ಜನವರಿಯಲ್ಲಿ ಹೊರಬಿದ್ದ ತೀರ್ಪು. ಒಬ್ಬ ಅವಿವಾಹಿತ ಸ್ತ್ರೀಯು ಕೇವಲ ತಪಾಸಣೆಗಾಗಿ ಒಪ್ಪಿ ಮಲಗಿದ್ದಳು. ಆಕೆಗೆ ಎಚ್ಚರವಿಲ್ಲದಾಗ, ಹೊರಗಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನು ತೆಗೆಯಲಾಯಿತು. ತಪಾಸಣೆಗೆ ಕೊಟ್ಟ ಒಪ್ಪಿಗೆಯು ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗಲಾರದು. ಪ್ರಾಣಸಂಕಟದ ಪ್ರಸಂಗವಲ್ಲದಿದ್ದರೆ, ಪ್ರಾಪ್ತವಯಸ್ಕಳೂ ಸ್ವಸ್ಥಚಿತ್ತಳೂ ಆದ ರೋಗಿಯ ಒಪ್ಪಿಗೆಯ ಸ್ಥಾನದಲ್ಲಿ ತಾಯಿಯ ಒಪ್ಪಿಗೆಯೂ ನಿಲ್ಲಲಾರದು ಎಂದು ನ್ಯಾಯಾಲಯವು ಹೇಳಿತು. ಉದರರೋಗದ ಪ್ರಕರಣದ ಆ ಪಟ್ಟಿಯನ್ನು ವಾಚಕರು ಸ್ಮರಿಸಬೇಕು. ಅದರಲ್ಲಿ ಬಿಟ್ಟುಹೋಗಿದ್ದ ಹೆಸರನ್ನು ಇಲ್ಲಿ ಮೊಟ್ಟಮೊದಲಿಗೆ ಬರೆದಂತಾಯಿತು.

ನಮ್ಮ ಜಿಲ್ಲೆಗೇ ಸಂಬಂಧಿಸಿದ ಸಂಗತಿಯೊಂದು ಉಳಿದಿದೆ. ೨೦೧೭ರ ನವೆಂಬರದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನವು ನಡೆದಿರಲು, ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ತಿದ್ದುಪಡಿಯು ಚರ್ಚೆಗೆ ಬಂದಿತು. ಖಾಸಗಿ ವೈದ್ಯರು ಬೆಳಗಾವಿಗೆ ಬಂದು ಪ್ರತಿಭಟಿಸಿದರು. ಆಸ್ಪತ್ರೆಗಳು ಮುಚ್ಚಿ ರೋಗಿಗಳು ಕಷ್ಟಪಟ್ಟರು. ಸೆರೆವಾಸದ ಶಿಕ್ಷೆಯ ಭಯವು ಇದ್ದರೆ ಕಠಿಣ ರೋಗಿಗಳನ್ನು ಯಾರು ಮುಟ್ಟುವರೆಂಬ ವೈದ್ಯರ ಅಳಲು ಪೂರ್ಣ ನಿರಾಧಾರವಾಗಿರಲಿಲ್ಲ. ಕೊನೆಗೆ ಆ ಶಿಕ್ಷೆಯನ್ನು ಕೈಬಿಟ್ಟು, ರೋಗಿಗಳ ಹಕ್ಕುಗಳ ಸನ್ನದನ್ನೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ದೂರುನಿವಾರಣೆಯ ವ್ಯವಸ್ಥೆಯನ್ನೂ ಉಳಿಸಿಕೊಂಡು ತಿದ್ದುಪಡಿಯನ್ನು ಅಂಗೀಕರಿಸಲಾಯಿತು.

ಕಾಯದೆಯು ಬಾಗಿಲನ್ನು ತೆರೆಯಬಹುದು. ಒಳಗೆ ಹೋಗಿ ಮಾತಾಡತಕ್ಕವರು ನಾವೇ. ರಾಯಬಾಗದವರಿಗೆ ಇದರಲ್ಲಿ ಒಂದು ವಿಶೇಷ ತೊಡಕುಂಟು. ೧೮೯೪ರಲ್ಲಿ ಡಾಕ್ಟರ ವಾನ್ಲೆಸರು ಮಿರಜದಲ್ಲಿ ಆಸ್ಪತ್ರೆಯನ್ನು ಕಟ್ಟಿದಂದಿನಿಂದ ನಮ್ಮವರು ರೈಲು ಹತ್ತಿ ಅತ್ತ ಹೋಗುವ ರೂಢಿಯಿದೆ. ಕರ್ನಾಟಕದ ಅಧಿನಿಯಮವು ಗಡಿಯಾಚೆಗೆ ನಡೆಯದು; ೨೦೦೨ರ ನಿಯಮಗಳೂ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ಮಾತ್ರ ಎರಡೂ ಕಡೆಗೆ ಸಲ್ಲುವವು. ಭಾಷೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಮನೆಯಲ್ಲಿ ಕನ್ನಡವನ್ನಾಡುವ ಮುದುಕಿಯು ಚಳಕು, ಜೋಮು, ಸೆಳೆತ, ಉರಿ, ಹಿಂಡಿದಂತಾಗುವದು ಎಂದು ಬೇರೆ ಬೇರೆಯಾಗಿ ಬಲ್ಲಳು. ಮರಾಠಿಯಲ್ಲಿ ಹೇಳಬೇಕಾದಾಗ ಇವೆಲ್ಲವೂ “ದುಖತೆ” ಎಂಬ ಒಂದೇ ಮಾತಿನಲ್ಲಿ ಮುಳುಗಿಹೋಗುವವು. ಆದುದರಿಂದ ಜೊತೆಗೆ ಹೋದವರು ಆಕೆಯ ಮಾತನ್ನು ಮೊದಲು ಪೂರ್ತಿಯಾಗಿ ಕೇಳಿ, ಇದ್ದಂತೆಯೇ ಭಾಷಾಂತರಿಸಬೇಕು. ಆಸ್ಪತ್ರೆಯ ಪಡಸಾಲೆಯಲ್ಲಿ ಇಂದಿಗೂ ಕಾಣುವ ನೋಟವೇನೆಂದರೆ, ಡಾಕ್ಟರರು “ಏನಾಗುತ್ತದೆ ತಾಯಿ?” ಎಂದು ಕೇಳಿದರೆ ತಾಯಿ ಬಾಯಿ ತೆರೆಯುವದರೊಳಗೆ ಮಗನೋ ಗಂಡನೋ ಉತ್ತರ ಕೊಟ್ಟುಬಿಡುವರು. ಪ್ರೀತಿಯಿಂದಲೇ ಹಾಗೆ ಮಾಡುವರು. ಆದರೂ ಸಾಕ್ಷಿಯು ಕೆಡುವದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯವಿದೆ. ತನ್ನ ಅರಿವನ್ನು ನಂಬುವದೆಂದರೆ ವೈದ್ಯನನ್ನು ಬಿಟ್ಟುಬಿಡುವದೆಂದು ಅರ್ಥವಲ್ಲ. ಚರಕನು ವೈದ್ಯರಲ್ಲಿ ಪ್ರಾಣಾಭಿಸರರು, ರೋಗಾಭಿಸರರು ಎಂದು ಎರಡು ಬಗೆ ಮಾಡಿರುವನು. ಮೊದಲಿನವರು ಪ್ರಾಣವನ್ನು ತರುವವರು; ಎರಡನೆಯವರು ವೈದ್ಯರ ವೇಷ ತೊಟ್ಟು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತ ಬೀದಿಯಲ್ಲಿ ತಿರುಗಿ ರೋಗವನ್ನೇ ತರುವವರು. ಆಸ್ಪತ್ರೆಯಲ್ಲಿ ಬೇಸತ್ತವನು ಈ ಎರಡನೆಯವರ ಕೈಗೆ ಬಿದ್ದರೆ ಅಪಾಯವು ಇಮ್ಮಡಿಯಾಗುವದು. ಒಬ್ಬ ವೈದ್ಯನ ಮಾತು ಸರಿತೋರದಿದ್ದರೆ ಕಾರಣವನ್ನು ಅವನನ್ನೇ ಕೇಳಬೇಕು. ಸಮಾಧಾನವಾಗದಿದ್ದರೆ ಕಾಗದಪತ್ರಗಳನ್ನು ಪಡೆದು ಅದೇ ಶಾಸ್ತ್ರವನ್ನು ಕಲಿತ ಇನ್ನೊಬ್ಬನ ಹತ್ತಿರ ಹೋಗಬೇಕು. ಒಳ್ಳೆಯ ವೈದ್ಯನು ಇದರಿಂದ ಸಿಟ್ಟಾಗಲಾರನು. ತಾಯಿತಂದೆಗಳನ್ನೂ ಮಕ್ಕಳನ್ನೂ ಸಂಶಯಿಸುವ ರೋಗಿಯು ವೈದ್ಯನನ್ನು ನಂಬಿ ತನ್ನನ್ನು ಒಪ್ಪಿಸಿಕೊಡುವನು, ಆದಕಾರಣ ಅವನನ್ನು ಮಗನಂತೆ ಕಾಯಬೇಕೆಂಬ ಅಭಿಪ್ರಾಯವನ್ನು ಸುಶ್ರುತನು ವೈದ್ಯರಿಗಾಗಿಯೇ ಹೇಳಿರುವನು.

ರೋಗಿಯ ಆ ನಾಲ್ಕು ಗುಣಗಳನ್ನು ಇಂದಿನ ಮನೆಗಳಲ್ಲಿ ಆಚರಣೆಗೆ ತರುವದು ಕಷ್ಟವಲ್ಲ. ಸ್ಮೃತಿಗಾಗಿ, ಬೇನೆಯು ಆರಂಭವಾದ ದಿನವನ್ನೂ ಅದರ ಏರಿಳಿತವನ್ನೂ ತಿನ್ನುವ ಔಷಧಗಳ ಹೆಸರುಗಳನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ಜ್ಞಾಪಕತ್ವಕ್ಕಾಗಿ, ನಾಚಿಕೆಯ ರೋಗವನ್ನು ಕೂಡ ಮುಚ್ಚದೆ ಹೇಳಬೇಕು. ಅಭೀರುತ್ವಕ್ಕಾಗಿ, ಸಹಿ ಮಾಡುವ ಮೊದಲು ಕಾಗದವನ್ನು ಓದಿಸಿಕೊಂಡು, ಏನು ಮಾಡುವಿರಿ, ಮಾಡದಿದ್ದರೆ ಏನಾಗುವದು, ಬೇರೆ ದಾರಿಯುಂಟೇ ಎಂದು ಕೇಳಬೇಕು. ಒಪ್ಪಿಕೊಂಡ ಮೇಲೆ ನಿರ್ದೇಶದಂತೆ ಔಷಧವನ್ನು ಬಿಡದೆ ಸೇವಿಸಬೇಕು. ಹೆಣ್ಣುಮಕ್ಕಳೂ ವೃದ್ಧರೂ ತಮ್ಮ ಬೇನೆಯನ್ನು ತಾವೇ ಹೇಳುವಂತೆ ಮನೆಯವರು ಕೆಲಕಾಲ ಸುಮ್ಮನಿದ್ದು ಅವಕಾಶ ಕೊಡಬೇಕೆಂದು ಸುಜ್ಞ ವಾಚಕರಲ್ಲಿ ಪ್ರಾರ್ಥನೆಯಿದೆ.