ಕೀಲಿಯಿಲ್ಲದ ಆಟ

ಬೀಳಗಿಯಂತಹ ತಾಲೂಕು ಸ್ಥಳದಲ್ಲಿ ವಾಸಿಸುವ ತರುಣನೊಬ್ಬನು, ತಾನು ದುಡಿದ ಹಣವನ್ನು ತೆತ್ತು ಗಣಕಯಂತ್ರದ ಆಟವೊಂದನ್ನು ಕೊಂಡು, ದಿನದ ಕೆಲಸ ತೀರಿದ ಮೇಲೆ ಒಂದು ತಾಸು ಮನಸ್ಸನ್ನು ಹಗುರ ಮಾಡಿಕೊಳ್ಳಬೇಕೆಂದು ಅದರ ಮುಂದೆ ಕುಳಿತನೆನ್ನಿ. ಆಟವು ಕೂಡಲೇ ತೆರೆದುಕೊಳ್ಳುವುದಿಲ್ಲ. ಮೊದಲು ಲಾಂಚರ್ ಎಂಬ ದ್ವಾರಪಾಲಕನು ಅಡ್ಡ ನಿಲ್ಲುತ್ತಾನೆ. ಹೆಸರನ್ನು ಕೇಳುತ್ತಾನೆ, ಪಾಸ್‌ವರ್ಡನ್ನು ಕೇಳುತ್ತಾನೆ, ಸಮುದ್ರದಾಚೆಯ ಒಡೆಯನನ್ನು ವಿಚಾರಿಸಿ ಬರುವೆನೆಂದು ಹೇಳಿ ಒಳಗೆ ಹೋಗುತ್ತಾನೆ. ನೆಟ್‌ವರ್ಕ್ ಇಲ್ಲದ ದಿನ ಹೋದವನು ತಿರುಗಿ ಬರುವುದೇ ಇಲ್ಲ. ಕೊಂಡವನು ತನ್ನ ವಸ್ತುವಿನ ಬಾಗಿಲಲ್ಲಿ ತಾನೇ ಯಾಚಕನಾಗಿ ನಿಲ್ಲುವ ಈ ಪದ್ಧತಿಗೆ ನಾವು ಎಷ್ಟು ಬೇಗನೆ ಒಗ್ಗಿಹೋಗಿದ್ದೇವೆಂದರೆ, ಅದು ಅನಾದಿಯಿಂದ ಬಂದುದೆಂಬ ಭ್ರಮೆ ಹುಟ್ಟುತ್ತದೆ. ವಸ್ತುತಃ ಅದಕ್ಕೆ ಒಂದು ತಲೆಮಾರಿನ ವಯಸ್ಸೂ ತುಂಬಿಲ್ಲ.

ಮಾರಾಟವೆಂಬುದು ನಮ್ಮ ಕಡೆಯ ಜನಕ್ಕೆ ಅಲ್ಲಿಂದಲ್ಲಿಗೆ ಮುಗಿಯುವ ಕ್ರಿಯೆ. ಸಂತೆಯಲ್ಲಿ ಎತ್ತು ಕೊಂಡವನು ಹಗ್ಗವನ್ನು ಕೈಗೆ ತೆಗೆದುಕೊಂಡನೆಂದರೆ ಮಾರಿದವನ ಮಾತು ಅಲ್ಲಿಗೆ ತೀರಿತು. ಮುಧೋಳದಲ್ಲಿ 949ರಲ್ಲಿ ಹುಟ್ಟಿದ ಮಹಾಕವಿ ರನ್ನನು ಬಳೆಗಾರರ ಮನೆತನದವನಷ್ಟೆ. ಆ ಕುಲವೃತ್ತಿಯನ್ನು ನೆನೆದಾಗಲೆಲ್ಲ ನನಗೆ ಒಂದು ವಿಚಾರ ತೋರುವುದುಂಟು. ಮುಂಗೈಗೆ ಏರಿದ ಬಳೆಯು ಆ ಹೆಣ್ಣುಮಗಳದು; ಆಕೆ ಅದನ್ನು ತೊಟ್ಟು ತವರಿಗೆ ಹೋದರೂ ಹೊಲಕ್ಕೆ ಹೋದರೂ ಬಳೆಗಾರನು ಹಿಂದೆ ಹಿಂದೆ ಬಂದು ಇಂದು ಇದನ್ನು ತೊಡಲು ಅಪ್ಪಣೆಯುಂಟೇ ಎಂದು ನೋಡುವವನಲ್ಲ. ಹಾಗೆ ನೋಡುವ ಬಳೆಗಾರನನ್ನು ಯಾವ ಊರಿನವರೂ ಅಗಸೆಬಾಗಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಆದರೆ ಆಟವು ಬಳೆಯಂತಹ ಗಟ್ಟಿ ಪದಾರ್ಥವಲ್ಲ, ಅದು ಆಜ್ಞೆಗಳ ಒಂದು ಮಾಲೆ, ಅದನ್ನು ಮಾರುವ ನ್ಯಾಯವೇ ಬೇರೆ, ಎಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತು. ಆದರೆ ಆಜ್ಞೆಗಳ ಮಾಲೆಯನ್ನು ಹಣ ಕೊಟ್ಟು ಕೊಂಡು ಯಂತ್ರಕ್ಕೆ ತೊಡಿಸುವ ವ್ಯಾಪಾರವು ಗಣಕಯಂತ್ರದೊಡನೆ ಹುಟ್ಟಿದುದೆಂದು ತಿಳಿಯುವುದು ತಪ್ಪು. ಬೀಳಗಿಯಿಂದ ಪಶ್ಚಿಮಕ್ಕೆ, ಕಬ್ಬಿನ ಹೊಲಗಳ ನಡುವೆ ಪಯಣಿಸಿ ರಬಕವಿ-ಬನಹಟ್ಟಿಗಳನ್ನು ಮುಟ್ಟಿದವನಿಗೆ ಅದು ಓಣಿ ಓಣಿಯಲ್ಲಿಯೂ ಕಿವಿಗೆ ಬೀಳುತ್ತದೆ. ಸಂಸ್ಥಾನಗಳ ಕಾಲದಲ್ಲಿ ರಬಕವಿಯು ಸಾಂಗಲಿಗೂ ಬನಹಟ್ಟಿಯು ಜಮಖಂಡಿಗೂ ಸೇರಿದ್ದಿತು; ಇಬ್ಬರು ಪಟವರ್ಧನ ದೊರೆಗಳ ಪ್ರಜೆಗಳಾಗಿದ್ದ ಈ ಎರಡು ಊರುಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೂ, 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿ, ಇಂದು ಒಂದೇ ಹೆಸರಿನಲ್ಲಿ ಬದುಕುತ್ತಿವೆ. ದೊರೆಗಳು ಬೇರೆಯಾಗಿದ್ದಾಗಲೂ ಮಗ್ಗದ ಸದ್ದು ಒಂದೇ ಆಗಿದ್ದಿತು.

ಸೀರೆಯ ದಡಿಯಲ್ಲಿಯೂ ಸೆರಗಿನಲ್ಲಿಯೂ ಹೂ, ಬಳ್ಳಿ, ಗೋಪುರಗಳನ್ನು ಎಬ್ಬಿಸುವ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಒಂದು ಪೆಟ್ಟಿಗೆಯಿರುತ್ತದೆ. ಅದರಿಂದ ತೂತು ಕೊರೆದ ರಟ್ಟಿನ ಕಾರ್ಡುಗಳ ಸರವು ಜೋಲುತ್ತಿರುತ್ತದೆ. ಲಾಳಿಯ ಒಂದೊಂದು ಓಟಕ್ಕೂ ಒಂದೊಂದು ಕಾರ್ಡು ಸೂಜಿಗಳ ಸಾಲಿಗೆ ಎದುರಾಗುತ್ತದೆ. ತೂತಿದ್ದಲ್ಲಿ ಸೂಜಿಯು ನುಸುಳಿ ಅದರ ಕೊಕ್ಕೆ ಮೇಲೇರುತ್ತದೆ, ಕೊಕ್ಕೆಯೊಡನೆ ಹಾಸಿನ ಎಳೆಯೂ ಏಳುತ್ತದೆ. ತೂತಿಲ್ಲದಲ್ಲಿ ಎಳೆಯು ಕೆಳಗೇ ಉಳಿಯುತ್ತದೆ. ಏಳು ಅಥವಾ ಏಳಬೇಡ, ಇವೆರಡೇ ಆಜ್ಞೆಗಳು. ಗಣಕಯಂತ್ರದ ಒಂದು ಮತ್ತು ಸೊನ್ನೆಗಳೂ ಇವೇ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡನು, ತನಗಿಂತ ಹಿಂದಿನವರ ಪ್ರಯತ್ನಗಳನ್ನು ಕೂಡಿಸಿ, ಈ ಸಾಧನವನ್ನು 1804ರ ಸುಮಾರಿಗೆ ಸಿದ್ಧಪಡಿಸಿದನು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು: ನೆಪೋಲಿಯನ್ನನ ಸರ್ಕಾರವು ಜಕಾರ್ಡನಿಗೆ ವರ್ಷಾಶನವನ್ನೂ, ಮಗ್ಗವೊಂದಕ್ಕೆ ಇಷ್ಟೆಂದು ಗೌರವಧನವನ್ನೂ ಗೊತ್ತುಮಾಡಿ, ಯಂತ್ರವನ್ನು ಕೆಲವೇ ವರ್ಷಗಳಲ್ಲಿ ಸಾರ್ವಜನಿಕ ಸ್ವತ್ತೆಂದು ಸಾರಿತು. ಮಾಡಿದವನಿಗೆ ಹೊಟ್ಟೆಗೂ ಆಯಿತು, ಬಳಸುವವನಿಗೆ ಬೀಗವೂ ಬೀಳಲಿಲ್ಲ.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಗಣಿತಯಂತ್ರಕ್ಕೆ ಆಜ್ಞೆ ಕೊಡುವ ವಿಧಾನವನ್ನು 1830ರ ದಶಕದಲ್ಲಿ ಈ ಕಾರ್ಡುಗಳಿಂದಲೇ ಎರವಲು ಪಡೆದನು. 24,000 ಕಾರ್ಡುಗಳಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಆತನ ಮನೆಯಲ್ಲಿದ್ದಿತು. ಬಂದವರು ಅದನ್ನು ಅಚ್ಚಿನ ಚಿತ್ರವೆಂದು ಮೋಸಹೋಗುತ್ತಿದ್ದರಂತೆ. ಹೀಗೆ ನೋಡಿದರೆ, ಬೆಂಗಳೂರಿನ ಗಾಜಿನ ಮಹಡಿಗಳಲ್ಲಿ ಕುಳಿತು ಪ್ರೋಗ್ರಾಮು ಬರೆಯುವವನಿಗೂ ಬನಹಟ್ಟಿಯಲ್ಲಿ ಕಾರ್ಡು ಕೊರೆಯುವವನಿಗೂ ವಂಶವೃಕ್ಷ ಒಂದೇ. ಹಿರಿಯ ಮನೆ ಯಾವುದೆಂದು ಕೇಳಿದರೆ ಬನಹಟ್ಟಿಯವನು ಸಂಕೋಚಪಡಬೇಕಾದ ಕಾರಣವಿಲ್ಲ.

ಕಾರ್ಡಿನ ಸರವನ್ನು ದುಡ್ಡು ಕೊಟ್ಟು ಮಾಡಿಸಿಕೊಂಡ ನೇಕಾರನು, ಕೊಕ್ಕೆಗಳ ಸಂಖ್ಯೆ ಹೊಂದುವ ಯಾವ ಮಗ್ಗಕ್ಕಾದರೂ ಅದನ್ನು ತೊಡಿಸಬಲ್ಲನು. ಒಂದು ಮಗ್ಗ ಕೆಟ್ಟರೆ ಇನ್ನೊಂದಕ್ಕೆ ಏರಿಸುತ್ತಾನೆ. ಮಳೆಗಾಲದ ತಂಪಿಗೆ ರಟ್ಟು ಮೆತ್ತಗಾಗಿ ಹರಿದರೆ ಅದೊಂದನ್ನೇ ನೋಡಿ ಹೊಸದು ಕೊರೆದು ಹೊಲಿಯುತ್ತಾನೆ. ಬೇಡವಾದಾಗ ಅಟ್ಟದ ಮೇಲೆ ಕಟ್ಟಿಟ್ಟು, ಹತ್ತು ವರ್ಷದ ಮೇಲೆ ಅದೇ ದಡಿಗೆ ಮತ್ತೆ ಬೇಡಿಕೆ ಬಂದಾಗ ಧೂಳು ಕೊಡವಿ ಇಳಿಸುತ್ತಾನೆ. ಇದರಲ್ಲಿ ನಷ್ಟವಿಲ್ಲವೆಂದು ನಾನು ಹೇಳುತ್ತಿಲ್ಲ. ಒಬ್ಬನ ದಡಿಯು ಪೇಟೆಯಲ್ಲಿ ಓಡಲಾರಂಭಿಸಿದೊಡನೆ ನೆರೆಯ ಓಣಿಯಲ್ಲಿ ಅದರ ಪ್ರತಿರೂಪವು ಹುಟ್ಟುವುದು ನೇಕಾರಿಕೆಯ ಹಳೆಯ ದುಃಖ. ಆದರೂ ಆ ಭಯಕ್ಕಾಗಿ, ಕಾರ್ಡು ಕೊರೆದವನ ಅಪ್ಪಣೆಯಿಲ್ಲದೆ ಲಾಳಿ ಹೊರಡಕೂಡದೆಂದು ಮಗ್ಗಕ್ಕೆ ಕೀಲಿ ಹಾಕುವ ಯೋಚನೆಯನ್ನು ಆ ವೃತ್ತಿಯು ಮಾಡಲಿಲ್ಲ.

ಗಣಕಯಂತ್ರದ ಆಟಗಳಿಗೆ ಬೀಗವು ಬಂದುದು ಮೊದಮೊದಲು ಒಂದು ಬಗೆಯ ವಿನೋದದ ವೇಷದಲ್ಲಿ. ಫ್ಲಾಪಿಯನ್ನು ಪ್ರತಿಮಾಡುವುದು ಮಕ್ಕಳಿಗೂ ಸುಲಭವಾಗಿದ್ದುದರಿಂದ, ತಯಾರಕರು ಪೆಟ್ಟಿಗೆಯೊಡನೆ ಕೊಟ್ಟ ಪುಸ್ತಕವನ್ನೇ ಕೀಲಿಕೈಯಾಗಿಸಿದರು. ಜಾರ್ಡನ್ ಮೆಕ್ನರನು 1989ರಲ್ಲಿ ಹೊರತಂದ ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಆಟವನ್ನು, ಕಂಪ್ಯೂಟರು ಊರಿಗೆ ಬಂದ ಹೊಸದರಲ್ಲಿ ಅದನ್ನು ಮುಟ್ಟಿದ ನಮ್ಮವರು ಬಹುಮಂದಿ ಬಲ್ಲರು. ಅದರ ರಾಜಕುಮಾರನು ಮೊದಲ ಘಟ್ಟವನ್ನು ದಾಟಿದೊಡನೆ ಔಷಧದ ಕುಪ್ಪಿಗಳಿರುವ ಕೋಣೆಯೊಂದನ್ನು ಹೊಗುತ್ತಾನೆ. ಪುಸ್ತಕದ ಇಂತಿಷ್ಟನೆಯ ಪುಟದ, ಇಂತಿಷ್ಟನೆಯ ಸಾಲಿನ ಇಂತಹ ಪದದ ಮೊದಲ ಅಕ್ಷರ ಯಾವುದೋ ಆ ಕುಪ್ಪಿಯನ್ನೇ ಕುಡಿಯಬೇಕು, ತಪ್ಪಿದರೆ ಪ್ರಾಣಕ್ಕೇ ಕುತ್ತು. ನಮ್ಮ ಕಡೆ ಫ್ಲಾಪಿಯು ಊರಿಂದೂರಿಗೆ ಕೈಬದಲಾಗಿ ಬರುತ್ತಿದ್ದಿತೇ ಹೊರತು ಪುಸ್ತಕವು ಅದರ ಜೊತೆಗೆ ಬರುತ್ತಿರಲಿಲ್ಲ. ಬೀಗ ಒಡೆದ ಪ್ರತಿಯೇ ಮೊದಲು ಕೈಸೇರಿದವರಿಗಂತೂ ಅಲ್ಲೊಂದು ಬೀಗವಿದ್ದಿತೆಂಬುದೇ ತಿಳಿಯಲಿಲ್ಲ. ಕದ್ದವನಿಗೆ ಬಾಗಿಲು ತೆರೆದಿದ್ದು ಕೊಂಡವನಿಗೆ ಮಾತ್ರ ಪರೀಕ್ಷೆ ನಡೆಯುವ ವಿಪರ್ಯಾಸವು ಅಂದೇ ಆರಂಭವಾಯಿತು.

ಕನ್ನಡಕ್ಕೂ ಈ ಬೀಗದ ರುಚಿ ಹತ್ತಿದುದುಂಟು. ಲಗ್ನಪತ್ರಿಕೆಗಳನ್ನೂ ಜಾತ್ರೆಯ ಕರಪತ್ರಗಳನ್ನೂ ಅಕ್ಷರ ಜೋಡಿಸಿಕೊಡುವ ಡಿಟಿಪಿ ಅಂಗಡಿಗಳು ಸಣ್ಣ ಊರುಗಳಿಗೂ ಬಂದ ಕಾಲದಲ್ಲಿ, ಹಣ ಕೊಟ್ಟು ಕೊಂಡ ಕನ್ನಡ ತಂತ್ರಾಂಶಗಳಲ್ಲಿ ಕೆಲವು ಡಾಂಗಲ್ ಎಂಬ ಹೆಬ್ಬೆರಳು ಗಾತ್ರದ ಸಾಧನದೊಡನೆ ಬರುತ್ತಿದ್ದವು. ಯಂತ್ರದ ಬೆನ್ನಿಗೆ ಅದನ್ನು ಚುಚ್ಚಿದರೆ ಕನ್ನಡವುಂಟು, ಕಿತ್ತರೆ ಕನ್ನಡವಿಲ್ಲ. ಅದು ಕೆಟ್ಟುಹೋದರೆ ಲಗ್ನದ ಮುಹೂರ್ತವು ಕಾಯುತ್ತದೆಯೇ? ಶೇಷಾದ್ರಿವಾಸು ಅವರ ಬರಹವು 1998ರಲ್ಲಿಯೂ, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂದು ಉಚಿತವಾಗಿ ಕೈಗೆ ಸಿಕ್ಕಿದಾಗ ಅಕ್ಷರ ಜೋಡಿಸುವವರಿಗೆ ಆದ ಸಮಾಧಾನವನ್ನು, ಬೆಲೆ ಉಳಿದುದರ ಸಮಾಧಾನವೆಂದಷ್ಟೇ ಎಣಿಸಲಾಗದು.

ಫ್ಲಾಪಿ ಹೋಗಿ ಸಿಡಿ ಬಂದ ಮೇಲೆ ಬೀಗದ ವಿನೋದವು ಅಳಿಯಿತು. ಸೇಫ್‌ಡಿಸ್ಕ್, ಸೆಕ್ಯುರಾಮ್ ಮೊದಲಾದ ಹೆಸರುಗಳಿಂದ ಅದು ಯಂತ್ರದ ಅಂತರಾಳಕ್ಕೇ ಇಳಿದು ಕುಳಿತಿತು. ಅದರ ಗತಿ ಏನಾಯಿತೆಂಬುದು ಇತಿಹಾಸಕಾರನಿಗೆ ಸ್ವಾರಸ್ಯವಾದ ವಿಷಯ. 2015ರಲ್ಲಿ ವಿಂಡೋಸ್ 10 ಬಂದಾಗ, ಸೇಫ್‌ಡಿಸ್ಕಿನ ಅಂಶವು ಯಂತ್ರದ ಸುರಕ್ಷತೆಗೇ ಅಪಾಯಕರವೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಹೊರಗಿಟ್ಟಿತು. ಅದೇ ವರ್ಷ ಹಿಂದಿನ ವಿಂಡೋಸುಗಳಲ್ಲಿಯೂ ಅದನ್ನು ನಿಲ್ಲಿಸಿತು. ಬೀಗವು ಸತ್ತಿತು, ಬಾಗಿಲು ಮಾತ್ರ ಮುಚ್ಚಿಯೇ ಉಳಿಯಿತು: ಪ್ರಾಮಾಣಿಕವಾಗಿ ಕೊಂಡ ಎಷ್ಟೋ ಸಿಡಿಗಳು, ಒಂದು ಗೀರೂ ಬೀಳದೆ, ನಿರುಪಯುಕ್ತವಾದವು. ಇತ್ತ 2003ರಲ್ಲಿ ಸ್ಟೀಮ್ ಎಂಬ ಲಾಂಚರು ಹುಟ್ಟಿ, ಮರುವರ್ಷದ ಹಾಫ್-ಲೈಫ್ 2 ಎಂಬ ಆಟವನ್ನು ಅಂಗಡಿಯಲ್ಲಿ ತಟ್ಟೆಯ ರೂಪದಲ್ಲಿ ಕೊಂಡವನೂ ಅದರ ಮೂಲಕವೇ ತೆರೆಯಬೇಕೆಂಬ ನಿಯಮವು ನೆಲೆಗೊಂಡಿತು. ಅದರಿಂದ ಸೌಕರ್ಯಗಳು ಅನೇಕ ಬಂದವು, ಸುಳ್ಳಲ್ಲ. ಆದರೆ ಆಟವು ಆ ದಿನದಿಂದ ಮನೆಯ ವಸ್ತುವಾಗಿರದೆ ಮಠದ ವಸ್ತುವಾಯಿತು.

ಇದಕ್ಕೆ ಪ್ರತಿಯಾದ ದಾರಿಯನ್ನು ತೋರಿಸಿದವರು ಕಳ್ಳಪ್ರತಿಗಳ ನಾಡಿನಲ್ಲಿಯೇ ಬೆಳೆದವರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಪೋಲೆಂಡಿನಲ್ಲಿ ಪ್ರೋಗ್ರಾಮುಗಳನ್ನು ರಕ್ಷಿಸುವ ಕಾನೂನು 1994ರವರೆಗೆ ಇರಲಿಲ್ಲ. ವಾರ್ಸಾದ ಸಂತೆಗಳಲ್ಲಿ ಆಟದ ಪ್ರತಿಗಳು ನಮ್ಮಲ್ಲಿ ಮೆಣಸಿನಕಾಯಿ ಸುರಿದು ಮಾರುವಂತೆ ಮಾರಾಟವಾಗುತ್ತಿದ್ದವು. ಅಂತಹ ಸಂತೆಯ ಒಳಹೊರಗುಗಳನ್ನು ಬಲ್ಲ ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹಾವ್ ಕಿಚಿನ್ಸ್ಕಿ ಎಂಬ ಇಬ್ಬರು ಶಾಲಾಮಿತ್ರರು ಅದೇ 1994ರಲ್ಲಿ ಸಿಡಿ ಪ್ರಾಜೆಕ್ಟ್ ಎಂಬ ಸಂಸ್ಥೆಯನ್ನು ತೆರೆದರು. ಕಳ್ಳನನ್ನು ಬೀಗದಿಂದ ಸೋಲಿಸುವುದು ಆಗದ ಮಾತೆಂದು ಅವರು ಅನುಭವದಿಂದ ಅರಿತಿದ್ದರು. ಆದುದರಿಂದ 1999ರಲ್ಲಿ ಬಾಲ್ಡರ್ಸ್ ಗೇಟ್ ಎಂಬ ಆಟವನ್ನು ಪೋಲಿಷ್ ಭಾಷೆಗೆ ತಂದು, ಪುಸ್ತಕ, ನಕ್ಷೆ, ಸಂಗೀತದ ತಟ್ಟೆಗಳನ್ನು ತುಂಬಿದ ಪೆಟ್ಟಿಗೆಯನ್ನು ಜನಕ್ಕೆ ಎಟಕುವ ಬೆಲೆಗೆ ಕೊಟ್ಟರು, ಜನ ಕೊಂಡರು. ಆ ಧೈರ್ಯದ ಮೇಲೆಯೇ 2008ರ ಸೆಪ್ಟೆಂಬರಿನಲ್ಲಿ, ಹಳೆಯ ಆಟಗಳ ಬೀಗ ತೆಗೆದು, ಹೊಸ ಯಂತ್ರಗಳಲ್ಲಿ ಓಡುವಂತೆ ರಿಪೇರಿ ಮಾಡಿ ಮಾರುವ ಜಿಒಜಿ ಎಂಬ ಅಂಗಡಿಯನ್ನು ಅಂತರ್ಜಾಲದಲ್ಲಿ ಇಟ್ಟರು. ಅಲ್ಲಿ ಕೊಂಡವನು ಆಟದ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಕಟ್ಟಿಟ್ಟುಕೊಳ್ಳಬಹುದು. ಅಂಗಡಿಯೇ ನಾಳೆ ಮುಚ್ಚಿದರೂ ಅಟ್ಟದ ಮೇಲಿನ ಕಾರ್ಡಿನ ಸರದಂತೆ ಅದು ಬೇಕಾದಾಗ ಇಳಿದುಬರುತ್ತದೆ. ಅದೇ ತಿಂಗಳು ಇತ್ತಕಡೆ ಸ್ಪೋರ್ ಎಂಬ ಆಟವು, ಕೊಂಡವನು ಮೂರೇ ಯಂತ್ರಗಳಲ್ಲಿ ಹಾಕಿಕೊಳ್ಳಬೇಕೆಂಬ ಕಟ್ಟುಪಾಡಿನೊಡನೆ ಹೊರಬಂದು ಜನರ ಸಿಟ್ಟಿಗೆ ಗುರಿಯಾಯಿತು.

ನಮ್ಮ ಕಾನೂನು ಈ ವಿಷಯದಲ್ಲಿ ನಾವು ನೆನೆಯುವುದಕ್ಕಿಂತ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1984ರಲ್ಲಿ ಪ್ರೋಗ್ರಾಮುಗಳು ಸೇರಿದವು. ಅದರ 52ನೆಯ ಕಲಮು, ನ್ಯಾಯವಾಗಿ ಪ್ರತಿಯನ್ನು ಹೊಂದಿದವನು ಕೆಡುವ ಭಯಕ್ಕೆ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವುದನ್ನು ಅಪರಾಧವೆನ್ನುವುದಿಲ್ಲ. 2012ರ ತಿದ್ದುಪಡಿಯು ಬೀಗ ಒಡೆಯುವುದನ್ನು ಶಿಕ್ಷಾರ್ಹಗೊಳಿಸಿದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿರಬೇಕೆಂಬ ಮಾತನ್ನು ಅದಕ್ಕೆ ಸೇರಿಸಿತು. ಆದರೆ ಆಟದ ಪ್ರಾಣವು ದೂರದ ಸರ್ವರಿನಲ್ಲಿದ್ದಾಗ ಪ್ರತಿಯಿಂದ ಏನು ಪ್ರಯೋಜನ? 2014ರಲ್ಲಿ ಮಾರಾಟಕ್ಕೆ ಬಂದ ದಿ ಕ್ರೂ ಎಂಬ ಮೋಟಾರು ಓಟದ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಕೊಂಡವರ ಮನೆಯಲ್ಲಿ ತಟ್ಟೆ ಉಳಿಯಿತು, ಆಟ ಉಳಿಯಲಿಲ್ಲ. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟಪಡಿಸದೆ ಖರೀದಿ ಎಂಬ ಪದವನ್ನು ಬಳಸಕೂಡದೆಂದು ಶಾಸನ ಮಾಡಿತು. ಪದದ ಅರ್ಥವನ್ನು ಕಾಯುವುದಕ್ಕೆ ಶಾಸನಸಭೆ ಕೂಡಬೇಕಾಯಿತು.

ಆಟಗಳ ಮುಳುಗಡೆಯನ್ನು ಕುರಿತು ಬರೆಯುವಾಗ ಬೀಳಗಿಯವನಿಗೆ ಇನ್ನೊಂದು ಮುಳುಗಡೆ ನೆನಪಾಗದೆ ಇರದು. ಆಲಮಟ್ಟಿಯ ಜಲಾಶಯದಲ್ಲಿ ನೀರು 519.6 ಮೀಟರಿಗೆ ನಿಂತಾಗ, ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಆಚೆಈಚೆಯಲ್ಲಿ ಹೊಲಗಳು ಮುಳುಗಿದವು, ಮನೆಗಳು ಮುಳುಗಿದವು. ಜನರು ಪರಿಹಾರದ ಹಣವನ್ನೂ, ಕಿತ್ತ ಕದ, ತೊಲೆಗಳನ್ನೂ ಹೊತ್ತು ಪುನರ್ವಸತಿ ಕೇಂದ್ರಗಳಿಗೆ ಏರಿಬಂದರು. ಹಂಪೆಯ ಗುಡಿಗಳ ಹಾಸುಗಲ್ಲುಗಳ ಮೇಲೆ ಇಂದಿಗೂ ಕಾಣುವಂತಹ ಆಟದ ಮನೆಗಳನ್ನು ನಮ್ಮ ಊರುಗಳ ಕಟ್ಟೆಗಳ ಮೇಲೂ ಜನ ಗೀರಿಕೊಂಡು ಚೌಕಾಬಾರ, ಹುಲಿಮನೆಗಳನ್ನು ಆಡುತ್ತಿದ್ದರು. ಕಟ್ಟೆಯ ಕಲ್ಲನ್ನು ಯಾರೂ ಹೊತ್ತುತರಲಿಲ್ಲ, ತರುವ ಅಗತ್ಯವೂ ಬೀಳಲಿಲ್ಲ. ಹೊಸ ಊರಿನ ಸಿಮೆಂಟು ಜಗಲಿಯ ಮೇಲೆ ಮುದುಕಿಯೊಬ್ಬಳು ಸೀಮೆಸುಣ್ಣದಿಂದ ಐದೈದರ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನು ಮೊಮ್ಮಗಳ ಕೈಗಿತ್ತು, ಎಲ್ಲ ಮೇಲ್ಮುಖ ಬಿದ್ದರೆ ಚೌಕ, ಎಲ್ಲ ಬೋರಲು ಬಿದ್ದರೆ ಬಾರಾ ಎಂದು ಹೇಳಿಕೊಡಬೇಕು, ಅಷ್ಟೆ. ಕಾಯಿಗಳಿಗೆ ಒಡೆದ ಬಳೆಯ ಚೂರುಗಳು ಸಾಕು. ಹಸಿರಿನವು ಅಜ್ಜಿಯವು, ಕೆಂಪಿನವು ಹುಡುಗಿಯವು.