18 ತಿಂಗಳ ಗುಟ್ಟು

ಪೇಟೆಂಟ್ ಎಂಬುದು ಒಂದು ಕೊಡು-ಕೊಳ್ಳುವ ವ್ಯವಹಾರ. ಹೊಸದನ್ನು ಕಂಡುಹಿಡಿದವನು ತನ್ನ ಗುಟ್ಟನ್ನು ಲೋಕಕ್ಕೆ ಬಿಟ್ಟುಕೊಡಬೇಕು; ಪ್ರತಿಯಾಗಿ ಸರ್ಕಾರ ಅವನಿಗೆ ಕೆಲವು ವರ್ಷಗಳ ಏಕಸ್ವಾಮ್ಯ ಕೊಡಬೇಕು. ಆದರೆ ಮೊದಲು ಕೊಡಬೇಕಾದವರು ಯಾರು? ಜರ್ಮನಿ ಈ ಪ್ರಶ್ನೆಗೆ ಎರಡು ಕಾಲದಲ್ಲಿ ಎರಡು ಉತ್ತರ ಕೊಟ್ಟಿದೆ.

ಮೊದಲನೆಯದು 1877ರದು. ಅದುವರೆಗೆ ಅಲ್ಲಿನ ರಾಜ್ಯಗಳು ತಮಗೆ ತೋಚಿದಂತೆ ಪೇಟೆಂಟ್ ಕೊಡುತ್ತಿದ್ದವು. ವೆರ್ನರ್ ಸೀಮೆನ್ಸ್ ಮೊದಲಾದ ಉದ್ಯಮಿಗಳ ಒತ್ತಾಯದ ಫಲವಾಗಿ ಇಡೀ ಸಾಮ್ರಾಜ್ಯಕ್ಕೆ ಒಂದೇ ಕಾನೂನು, ಬರ್ಲಿನ್ನಿನಲ್ಲಿ ಒಂದೇ ಕಚೇರಿ ಬಂತು. ಒಂದನೇ ನಂಬರಿನ ಪೇಟೆಂಟ್ ಸಿಕ್ಕಿದ್ದು ನ್ಯೂರೆಂಬರ್ಗಿನ ಯೊಹಾನೆಸ್ ಝೆಲ್ಟ್ನರ್‌ಗೆ, ಕೆಂಪು ಅಲ್ಟ್ರಾಮರೀನ್ ಬಣ್ಣ ತಯಾರಿಸುವ ವಿಧಾನಕ್ಕೆ. ಕಚೇರಿಯವರು ಅರ್ಜಿಯನ್ನು ನೋಡಿ, ಪೇಟೆಂಟ್ ಕೊಡಬಹುದು ಅನ್ನಿಸಿದರೆ ಮಾತ್ರ ಪ್ರಕಟಣೆ ಹೊರಡಿಸಿ, ಕಾಗದಗಳನ್ನು ಎಂಟು ವಾರ ಸಾರ್ವಜನಿಕರ ಮುಂದಿಡುತ್ತಿದ್ದರು. ಯಾರು ಬೇಕಾದರೂ ಬಂದು ಓದಬಹುದು, ತಕರಾರು ಎತ್ತಬಹುದು. ಅಂದರೆ ಭರವಸೆ ಮೊದಲು, ಬಯಲು ಆಮೇಲೆ. ಮಹಾಯುದ್ಧದ ನಂತರ, 1949ರಲ್ಲಿ, ಪಶ್ಚಿಮ ಜರ್ಮನಿಯ ಕಚೇರಿ ಮ್ಯೂನಿಕ್‌ನಲ್ಲಿ ಬಾಗಿಲು ತೆರೆಯಿತು. 1950ರ ದಶಕದಲ್ಲಿ ಈ ಕಾಗದ ಅಚ್ಚಾಗಿಯೇ ಬರತೊಡಗಿತು. ಅದರ ಹೆಸರು ಔಸ್‌ಲೇಗೆಶ್ರಿಫ್ಟ್.

ಅಷ್ಟರಲ್ಲಿ ಅರ್ಜಿಗಳ ರಾಶಿ ಬೆಳೆದಿತ್ತು. ಪರೀಕ್ಷೆಗೇ ವರ್ಷಗಳು ಹಿಡಿಯುತ್ತಿದ್ದವು. ಅಲ್ಲಿಯತನಕ ಒಳಗೇನಿದೆಯೆಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ದುಡ್ಡು ಸುರಿದು ಕಾರ್ಖಾನೆ ಕಟ್ಟಿದವನಿಗೆ ಒಂದು ದಿನ ಇನ್ನೊಬ್ಬನ ಪೇಟೆಂಟ್ ಎದುರಾಗಬಹುದಿತ್ತು. 1964ರಲ್ಲಿ ನೆದರ್‌ಲ್ಯಾಂಡ್ಸ್ ಕಂಡುಕೊಂಡ ದಾರಿಯನ್ನೇ 1968ರ ಅಕ್ಟೋಬರ್ 1ರಿಂದ ಪಶ್ಚಿಮ ಜರ್ಮನಿಯೂ ಹಿಡಿಯಿತು. ಅರ್ಜಿ ಹಾಕಿ 18 ತಿಂಗಳಾದರೆ ಸಾಕು, ಪರೀಕ್ಷೆ ಆಗಿರಲಿ ಬಿಡಲಿ, ಅದು ಆಫನ್‌ಲೇಗುಂಗ್ಸ್‌ಶ್ರಿಫ್ಟ್ ಆಗಿ ಬಯಲಾಗುತ್ತದೆ. ಪರೀಕ್ಷೆ ಬೇಕಿದ್ದವರು ಏಳು ವರ್ಷದೊಳಗೆ ಕೇಳಿಕೊಳ್ಳಬೇಕು.

ಇಲ್ಲಿ ಲೆಕ್ಕ ತಿರುವುಮುರುವಾಯಿತು. ಈಗ ಮೊದಲು ಕೊಡುವವನು ಸಂಶೋಧಕ. ಕೊನೆಗೆ ಪೇಟೆಂಟ್ ಸಿಗದಿದ್ದರೆ ಗುಟ್ಟೂ ಹೋಯಿತು, ಹಕ್ಕೂ ಇಲ್ಲ. ಬಯಲಾದ ಮೇಲೆ ಅದನ್ನು ಬಳಸಿದವರಿಂದ ತಕ್ಕ ಪರಿಹಾರ ಕೇಳಬಹುದೆಂದು ಕಾನೂನು ಹೇಳಿತು ನಿಜ. ಆದರೆ ಬಳಸಬೇಡ ಎಂದು ತಡೆಯುವ ಅಧಿಕಾರ ಕೊಡಲಿಲ್ಲ. ಅಳುಕಿದ್ದವರಿಗೆ ಉಳಿದದ್ದು ಒಂದೇ ದಾರಿ: ಗಡುವಿಗೆ ಮುಂಚೆ ಅರ್ಜಿ ವಾಪಸ್ ಪಡೆಯುವುದು. ನನಗೇನೋ ಇದು ಒಂಟಿ ಸಂಶೋಧಕನಿಗಿಂತ ದೊಡ್ಡ ಕಂಪನಿಗಳಿಗೇ ಹೆಚ್ಚು ಒಗ್ಗುವ ಏರ್ಪಾಡು ಅನ್ನಿಸುತ್ತದೆ.

ಹಳೆಯ ಔಸ್‌ಲೇಗೆಶ್ರಿಫ್ಟ್ ತಕ್ಷಣ ಮಾಯವಾಗಲಿಲ್ಲ. ಕೆಲಕಾಲ ಒಂದೇ ಸಂಶೋಧನೆಗೆ ಮೂರು ಕಾಗದ: ಬಯಲಾದದ್ದು, ಪರೀಕ್ಷೆ ದಾಟಿದ್ದು, ಕೊನೆಗೆ ಪೇಟೆಂಟ್‌ಶ್ರಿಫ್ಟ್. 1981ರಲ್ಲಿ ನಡುವಿನದನ್ನು ಕೈಬಿಟ್ಟು, ತಕರಾರನ್ನು ಪೇಟೆಂಟ್ ಕೊಟ್ಟ ನಂತರಕ್ಕೆ ತಳ್ಳಿದರು. ಆ ಕಾಲದ ಯಾವುದಾದರೂ ಪುಸ್ತಕದ ಅಡಿಟಿಪ್ಪಣಿಯಲ್ಲಿ ‘ಜರ್ಮನ್ ಪೇಟೆಂಟ್’ ಎಂದು ಕಂಡರೆ ಯಾವ ಕಾಗದವೆಂದು ನೋಡಿಕೊಳ್ಳಿ. ಅದು ಮೊದಲನೆಯದಾಗಿದ್ದರೆ, ಪೇಟೆಂಟ್ ಸಿಕ್ಕಿತೋ ಇಲ್ಲವೋ ಎಂಬುದನ್ನು ಇನ್ನೂ ಹುಡುಕಬೇಕು.