ಔಷಧನಿರೋಧವೂ ಸಸ್ಯಸಾರಗಳೂ: ಒಂದು ಚಾರಿತ್ರಿಕ ವಿವೇಚನೆ

ವೈದ್ಯವಿದ್ಯೆಯ ಚರಿತ್ರೆಯನ್ನು ಬರೆಯುವವರು ಔಷಧಗಳು ದೊರೆತ ಬಗೆಯನ್ನು ವಿವರಿಸುವಷ್ಟು ಆಸಕ್ತಿಯಿಂದ ದೊರೆತ ಔಷಧವು ಸೋತ ಬಗೆಯನ್ನು ವಿವರಿಸುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ವಿಷಯದಲ್ಲಿ ಈ ಎರಡನೆಯ ಕಥೆಯೇ ಹೆಚ್ಚು ಬೋಧಪ್ರದವೆಂದು ನಾವು ಭಾವಿಸುತ್ತೇವೆ.

ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪ ಅಥವಾ ಕಾಶಿಕಣಗಿಲೆಯ ಮೂಲಸ್ಥಾನ ಮಡಗಾಸ್ಕರ್ ದ್ವೀಪ. ಜಮೈಕಾದಲ್ಲಿ ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆನಡಾಕ್ಕೆ ಬಂದ ಎಲೆಗಳನ್ನು ರಾಬರ್ಟ್ ನೋಬಲ್ ಅವರು ಇಲಿಗಳ ಮೇಲೆ ಪರೀಕ್ಷಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಇಳಿದದ್ದು ಬಿಳಿಯ ರಕ್ತಕಣಗಳ ಸಂಖ್ಯೆ. ಈ ಅನಿರೀಕ್ಷಿತ ಫಲವನ್ನು ಕಡೆಗಣಿಸದೆ, ನೋಬಲ್ ಹಾಗೂ ಚಾರ್ಲ್ಸ್ ಬಿಯರ್ ಅವರು ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಸಾರವನ್ನು ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರಿನಲ್ಲಿ ಮುಖ್ಯ ಔಷಧವಾಯಿತು.

ಆದರೆ ಮೊದಲು ಮಣಿದ ರೋಗ ಎಷ್ಟೋ ಮಂದಿಯಲ್ಲಿ ಮರಳಿತು. ಮರಳಿದಾಗ ಔಷಧಕ್ಕೆ ಮಣಿಯಲಿಲ್ಲ. 1970ರಲ್ಲಿ ಬೀಡ್ಲರ್ ಮತ್ತು ರೀಮ್ ಎಂಬವರು ಒಂದು ಔಷಧಕ್ಕೆ ಒಗ್ಗಿದ ಕೋಶಗಳು ತಾವೆಂದೂ ಕಾಣದ ಬೇರೆ ಔಷಧಗಳನ್ನೂ ತಡೆದುಕೊಳ್ಳುವುದನ್ನು ತೋರಿಸಿದರು. ಕಾರಣದ ಸುಳಿವು 1976ರಲ್ಲಿ ಟೊರಾಂಟೊ ನಗರದಲ್ಲಿ ಸಿಕ್ಕಿತು: ಜೂಲಿಯಾನೊ ಮತ್ತು ಲಿಂಗ್ ಅವರು ಅಂಥ ಕೋಶಗಳ ಪೊರೆಯಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ವಸ್ತುವನ್ನು ಗುರುತಿಸಿದರು. ಏತದಿಂದ ನೀರೆತ್ತುವಂತೆ ಇದು ಒಳಬಂದ ಔಷಧವನ್ನು ಹೊರಚೆಲ್ಲುತ್ತದೆ. ಆರೋಗ್ಯವಂತರ ಕರುಳು, ಯಕೃತ್ತು, ಮೆದುಳಿನ ರಕ್ತನಾಳಗಳಲ್ಲಿಯೂ ಇದೇ ಏತ ಉಂಟು. (ಆಹಾರದೊಡನೆ ಬರುವ ವಿಷಗಳಿಂದ ದೇಹವನ್ನು ಕಾಯುವುದೇ ಅದರ ಸಹಜ ಕಾರ್ಯವಿರಬೇಕು.)

ಏತವನ್ನು ನಿಲ್ಲಿಸಬಹುದೆ? 1981ರಲ್ಲಿ ಜಪಾನಿನ ತ್ಸುರುವೊ ಮತ್ತು ಸಂಗಡಿಗರು ವೆರಪಮಿಲ್ ಬೆರೆಸಿದರೆ ನಿರೋಧ ಬೆಳೆಸಿಕೊಂಡ ಕೋಶಗಳು ಪುನಃ ವಿನ್‌ಕ್ರಿಸ್ಟಿನ್‌ಗೆ ಸೋಲುವುವೆಂದು ತೋರಿಸಿದರು. ಆದರೆ ಅದು ಹೃದಯದ ಔಷಧ; ಬೇಕಾದ ಪ್ರಮಾಣವನ್ನು ರೋಗಿಯ ಹೃದಯ ತಾಳಲಿಲ್ಲ. ವಿದ್ವಾಂಸರು ಮತ್ತೆ ಸಸ್ಯಗಳತ್ತ ತಿರುಗಿದರು. ಸಿಂಕೋನದ ತೊಗಟೆಯ ಕ್ವಿನೀನನ್ನು ಫ್ರಾನ್ಸಿನಲ್ಲಿ ರಕ್ತ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟು ಪರೀಕ್ಷಿಸಲಾಯಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಆಯುಸ್ಸು ಹೆಚ್ಚಲಿಲ್ಲ. ಅರಿಸಿನದ ಕರ್ಕ್ಯುಮಿನ್, ಮೆಣಸಿನ ಪೈಪರೀನ್ ಏತವನ್ನು ತಡೆಯುವುವೆಂದು 2002ರಲ್ಲಿ ವರದಿಗಳು ಬಂದುವು. ಅವು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳ ವರದಿಗಳು. ಗಾಜಿನ ತಟ್ಟೆಯ ಸಾಕ್ಷ್ಯವನ್ನು ರೋಗಿಯ ಸಾಕ್ಷ್ಯವೆಂದು ಎಣಿಸುವುದು ಜನಶ್ರುತಿಯನ್ನು ಶಾಸನವೆಂದು ಓದಿದಂತೆಯೇ ಸರಿ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ವರ್ಷದ್ದು. ಇರಿನೋಟೆಕಾನ್ ಎಂಬ ಔಷಧದ ಮೂಲದ್ರವ್ಯ ಮೊದಲು ಚೀನಾದ ಒಂದು ಮರದಲ್ಲಿ, ಬಳಿಕ 1972ರಲ್ಲಿ ನಮ್ಮ ಪಶ್ಚಿಮಘಟ್ಟದ ದುರ್ವಾಸನೆಯ ಮರದಲ್ಲಿಯೂ ದೊರೆಯಿತು. ಮನಸ್ಸಿನ ಖಿನ್ನತೆಗೆಂದು ಯೂರೋಪಿನಲ್ಲಿ ಬಳಸುವ ಸೇಂಟ್ ಜಾನ್ಸ್ ವರ್ಟ್ ಮೂಲಿಕೆಯನ್ನು ಈ ಔಷಧದೊಡನೆ ಸೇವಿಸಿದ ಐವರು ರೋಗಿಗಳ ರಕ್ತದಲ್ಲಿ ಔಷಧದ ಕ್ರಿಯಾಶೀಲ ಅಂಶ ಶೇಕಡಾ 42ರಷ್ಟು ಇಳಿದುದನ್ನು ಹಾಲೆಂಡಿನ ವೈದ್ಯರು ಅಳೆದರು. ಆ ಮೂಲಿಕೆ ಔಷಧವನ್ನು ಕರಗಿಸುವ ಕಿಣ್ವವನ್ನೂ ಹೊರದೂಡುವ ಏತವನ್ನೂ ದೇಹದಲ್ಲಿ ಹೆಚ್ಚಿಸುತ್ತದೆ.